ಡಿಸಿ ಸಾಹೇಬರ ಕನ್ನಡ ಅಂಕಿಗಳು

ನಮ್ಮ ಆಫೀಸಿನಲ್ಲಿ ಒಬ್ಬರು ಡಿಸಿ ಇದ್ದರು. ಊರಿನಲ್ಲಿ ಈ ಮಾತು ಹೇಳಿದರೆ ಕೂತವರು ಎದ್ದು ನಿಲ್ಲುತ್ತಾರೆ, ಯಾಕೆಂದರೆ ನಮ್ಮಲ್ಲಿ ಡಿಸಿ ಎಂದರೆ ಇಡೀ ಜಿಲ್ಲೆಗೆ ದೊಡ್ಡವರು. ದುಬೈಯ ಕಟ್ಟಡ ಕಂಪನಿಗಳಲ್ಲಿ ಡಿಸಿ ಎಂದರೆ ಡಾಕ್ಯುಮೆಂಟ್ ಕಂಟ್ರೋಲರ್. ಇಂಜಿನಿಯರುಗಳು ತಂದು ಎಸೆದ ಡ್ರಾಯಿಂಗುಗಳಿಗೆ ನಂಬರು ಕೊಟ್ಟು, ರಿಜಿಸ್ಟರಿಗೆ ಏರಿಸಿ, ಯಾವುದು ಹೊಸದು ಯಾವುದು ಹಳತು ಎಂದು ಕಾದು ಕೂರುವ ಗುಮಾಸ್ತ. ಏನು ತಪ್ಪಾದರೂ ಮೊದಲು ಬೈಸಿಕೊಳ್ಳುವ ಕುರ್ಚಿ ಅದು. ಈಗ ಆ ಕುರ್ಚಿಯಲ್ಲಿ ಕೂತಿರುವವಳು ನಾನೇ ಆದ್ದರಿಂದ ಇದನ್ನು ಯಾರನ್ನೂ ಕೇಳದೆ ಹೇಳಬಲ್ಲೆ.

ಅವರು ಬಂಟ್ವಾಳದ ಕಡೆಯ ಬ್ಯಾರಿಗಳು, ನಾನು ಕಾರ್ಕಳದವಳು. ಅಲ್ ಕುಸೈಸಿನ ಗೋದಾಮುಗಳ ಹಿಂದೆ ಮೂರನೇ ಮಹಡಿಯಲ್ಲಿದ್ದ ಆ ಆಫೀಸಿಗೆ ನಾನು ಟೈಪಿಸ್ಟಾಗಿ ಸೇರಿದ ದಿನ ಅವರು ಇಂಗ್ಲಿಷಿನಲ್ಲಿ ನನ್ನ ರಾಜ್ಯ ಕೇಳಿದರು, ಹಿಂದಿಯಲ್ಲಿ ಜಿಲ್ಲೆ ಕೇಳಿದರು, ತುಳುವಿನಲ್ಲಿ ಮನೆ ಎಲ್ಲಿ ಎಂದು ಕೇಳಿದರು, ಕೊನೆಗೆ ಕನ್ನಡಕ್ಕೆ ಬಂದು ನಿಂತರು. ಮದುವೆಗೆ ಮುಂಚೆ ಎರಡು ವರ್ಷ ಒಂದನೇ ಕ್ಲಾಸಿಗೆ ಪಾಠ ಮಾಡಿದ್ದೆ ಎಂದು ಬಾಯಿ ತಪ್ಪಿ ಹೇಳಿದ್ದೇ ಸೈ, ಕೊನೆಯವರೆಗೂ ನಾನು ಅವರಿಗೆ 'ಟೀಚರ್' ಆದೆ. ನಾನು ಅವರನ್ನು 'ಡಿಸಿ ಸಾಹೇಬ್ರೆ' ಎನ್ನುತ್ತಿದ್ದೆ. ತಮಾಷೆಗೆ ಶುರುವಾದ ಮಾತು, ಆಮೇಲೆ ಅದರಲ್ಲಿ ತಮಾಷೆ ಉಳಿಯಲಿಲ್ಲ.

ತೆಳ್ಳನೆಯ ಮನುಷ್ಯ. ಅಂಗಿಯ ಜೇಬಿನಲ್ಲಿ ಒಂದು ನೀಲಿ, ಒಂದು ಕೆಂಪು ಪೆನ್ನು. ರಿಜಿಸ್ಟರ್ ನೋಡುವಾಗ ಎಡಗೈಯ ತೋರುಬೆರಳನ್ನು ಸಾಲಿನ ಮೇಲೆ ಇಟ್ಟರೆ ಚಾ ಬಂದರೂ ಎತ್ತುತ್ತಿರಲಿಲ್ಲ, ಫೋನು ಬಂದರೂ ಎತ್ತುತ್ತಿರಲಿಲ್ಲ. ಬಲಗೈಯಲ್ಲೇ ಎಲ್ಲವನ್ನೂ ಸಂಭಾಳಿಸುತ್ತಿದ್ದರು. ರದ್ದಾದ ಡ್ರಾಯಿಂಗಿನ ಮೇಲೆ ಕೆಂಪು ಸೀಲು ಒತ್ತಿ, "ಇದರ ಮಯ್ಯತ್ ಆಯ್ತು" ಎಂದು ಪಕ್ಕಕ್ಕಿಡುತ್ತಿದ್ದರು. ಹೆಣವನ್ನು ಮಣ್ಣು ಮಾಡುವಷ್ಟೇ ಮರ್ಯಾದೆಯಿಂದ ಅದನ್ನು ಮಡಚುತ್ತಿದ್ದರು. ಎರಡು ವರ್ಷಕ್ಕೊಮ್ಮೆ ಊರಿಗೆ ಹೋಗುವಾಗ ಅವರ ಡ್ರಾಯರಿನ ಕೀಲಿ ಮ್ಯಾನೇಜರರ ಕೈಗೆ ಹೋಗುತ್ತಿತ್ತು, ಅದೂ ಸಹಿ ಪಡೆದು.

ಸೇರಿದ ಮೊದಲ ವಾರ ನಾನು ರಿಜಿಸ್ಟರಿನಲ್ಲಿ ಒಂದು ಸಾಲು ಬಿಟ್ಟು ಬರೆದಿದ್ದೆ. ಅವರ ಬೆರಳು ಅಲ್ಲಿ ಬಂದು ನಿಂತಿತು.

"ಟೀಚರೇ, ಇಲ್ಲಿ ಎಂತ ಆಯ್ತು?"

"ಎಂತ ಆಗ್ಲಿಲ್ಲ ಸಾಹೇಬ್ರೆ, ಒಂದು ಲೈನ್ ಬಿಟ್ಟು ಹೋಯ್ತು."

"ಹಾಗಾದ್ರೆ ಎಂತ ಆಗ್ಲಿಲ್ಲ ಅಂತ ಬರೀರಿ. ಖಾಲಿ ಬಿಟ್ರೆ ನಾಳೆ ಯಾರಾದ್ರೂ ಬಂದು ಅವರಿಗೆ ಬೇಕಾದ್ದು ಬರೀತಾರೆ. ಆಮೇಲೆ ಅದೇ ಸತ್ಯ ಆಗ್ತದೆ."

ಬರೆದೆ. ಮನಸ್ಸಿನಲ್ಲಿ ಬೈದುಕೊಂಡೇ ಬರೆದೆ.

ಅವರ ಬಗ್ಗೆ ಇನ್ನೊಂದು ಸಂಗತಿ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಒಮ್ಮೆ ಸೈಟಿನಲ್ಲಿ ಹಳೆಯ ಡ್ರಾಯಿಂಗ್ ನೋಡಿ ಒಂದು ಗೋಡೆ ಕಟ್ಟಿ, ಆಮೇಲೆ ಅದನ್ನು ಒಡೆಯಬೇಕಾಯಿತು. ಹೊಸ ಡ್ರಾಯಿಂಗ್ ತಲುಪಿದೆ ಎಂಬುದಕ್ಕೆ ಇಂಜಿನಿಯರನ ಸಹಿ ರಿಜಿಸ್ಟರಿನಲ್ಲಿತ್ತು. ಆದರೂ ಮೀಟಿಂಗಿನಲ್ಲಿ ಸುತ್ತಿ ಬಳಸಿ ತಪ್ಪು ಡಾಕ್ಯುಮೆಂಟ್ ಸೆಕ್ಷನ್ನಿನದು ಎಂದು ತೀರ್ಮಾನವಾಯಿತು. ಮೀಟಿಂಗಿನಲ್ಲಿದ್ದ ಒಬ್ಬರು ಹೊರಗೆ ಬಂದು ಇವರ ಹೆಗಲ ಮೇಲೆ ಕೈಯಿಟ್ಟು, ಕಾಗದ ಸೈಟಿಗೆ ಒಯ್ಯುವ ನೇಪಾಳಿ ತಡ ಮಾಡಿದ ಎಂದು ಬರೆದುಕೊಟ್ಟರೆ ನೀವು ಬಚಾವ್ ಎಂದು ಸಲಹೆ ಕೊಟ್ಟರು. ಡಿಸಿ ಸಾಹೇಬರು ಆ ಕೈಯನ್ನು ಹೆಗಲಿನಿಂದ ಇಳಿಸಿ, "ಅವನು ತಡ ಮಾಡ್ಲಿಲ್ಲ ಸರ್" ಎಂದರು. ಅವರಿಗೆ ವಾರ್ನಿಂಗ್ ಲೆಟರ್ ಬಂತು. ಅದಕ್ಕೂ ನಂಬರು ಹಾಕಿ, ರಿಜಿಸ್ಟರಿಗೆ ಏರಿಸಿ, ಫೈಲಿಗೆ ಸೇರಿಸಿದರು.

ಇಂಥವರಿಗೆ ವಿಮಾನದ ಹುಚ್ಚು ಹೇಗೆ ಹಿಡಿಯಿತು ಎಂದು ಅನೇಕರು ಕೇಳಿದ್ದಾರೆ. ವಿಮಾನದ ಹುಚ್ಚು ಹಿಡಿದದ್ದೇ ಇಲ್ಲ. ಆ ಹುಚ್ಚು ನಮ್ಮ ಮ್ಯಾನೇಜರರದು. ಅವರು ಇಂಗ್ಲೆಂಡಿನವರು. ಅವರ ಊರಿನ ನದಿಯ ದಂಡೆಯಲ್ಲಿ, ಮೊದಲನೇ ಮಹಾಯುದ್ಧಕ್ಕೂ ಮುಂಚೆ, ಒಂದು ಕಂಪನಿ ಮರ, ಬಟ್ಟೆ, ತಂತಿ ಸೇರಿಸಿ ವಿಮಾನ ಕಟ್ಟುತ್ತಿತ್ತಂತೆ. ಪ್ರತಿಯೊಂದು ವಿನ್ಯಾಸಕ್ಕೂ ಒಂದೊಂದು ನಂಬರು. ಕಂಪನಿ ಮುಳುಗಿ ಕಾಗದಪತ್ರಗಳು ದಿಕ್ಕಾಪಾಲಾದ ಮೇಲೆ ಯಾವ ನಂಬರು ಯಾವ ವಿಮಾನದ್ದು ಎಂಬುದು ಅಲ್ಲಲ್ಲಿ ಮರೆತುಹೋಯಿತು. ಅಲ್ಲಿನ ಹವ್ಯಾಸಿಗಳ ಸಂಘವೊಂದು ಸಿಕ್ಕಷ್ಟನ್ನು ಸೇರಿಸಿ ಪಟ್ಟಿ ಮಾಡಿತ್ತು. ಎಡಗಡೆ ನಂಬರು, ಬಲಗಡೆ ವಿಮಾನ. ನಡುನಡುವೆ ಹದಿನೇಳು ಕಡೆ ಬರೀ ಗೆರೆ. ಆ ಪಟ್ಟಿ ಮ್ಯಾನೇಜರರ ಕ್ಯಾಬಿನ್ನಿನ ಬೋರ್ಡಿನ ಮೇಲೆ ಪಿನ್ನು ಚುಚ್ಚಿಕೊಂಡು ನಿಂತಿತ್ತು.

ಸಹಿಗೆ ಫೈಲು ಒಯ್ದ ಡಿಸಿ ಸಾಹೇಬರು ಒಂದು ದಿನ ಅದರ ಮುಂದೆ ನಿಂತುಬಿಟ್ಟರು. ಫೈಲು ಹಿಡಿದು ಹಿಂದೆ ನಿಂತಿದ್ದವಳು ನಾನು.

"ಇದು ಯಾಕೆ ಖಾಲಿ ಸರ್?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ಅವು ಹೋದವು. ಯಾರಿಗೂ ಗೊತ್ತಿಲ್ಲ," ಎಂದರು ಮ್ಯಾನೇಜರು.

"ನಂಬರು ಎಲ್ಲಿಗೂ ಹೋಗುವುದಿಲ್ಲ ಸರ್. ರಿಜಿಸ್ಟರು ಹೋಗಿರಬಹುದು."

ಮ್ಯಾನೇಜರು ಜೋರಾಗಿ ನಕ್ಕು ಒಂದು ಜೆರಾಕ್ಸ್ ಮಾಡಿಕೊಟ್ಟರು. ಆ ಒಂದು ಹಾಳೆ ಡಿಸಿ ಸಾಹೇಬರ ಆರು ವರ್ಷ ತಿಂದಿತು.

ಇಂಗ್ಲೆಂಡಿನ ಆ ಕಾಲದ ವಾರಪತ್ರಿಕೆಗಳನ್ನೆಲ್ಲ ಯಾರೋ ಪುಣ್ಯಾತ್ಮರು ಸ್ಕ್ಯಾನ್ ಮಾಡಿ ಇಂಟರ್ನೆಟ್ಟಿಗೆ ಹಾಕಿದ್ದರು. ಆಫೀಸು ಬಿಟ್ಟ ಮೇಲೆ ಇವರು ಅವುಗಳನ್ನು ಒಂದೊಂದಾಗಿ ತೆರೆದು ಕೂರುತ್ತಿದ್ದರು. ರಂಜಾನಿನಲ್ಲಿ ಎಲ್ಲರೂ ಎರಡು ಗಂಟೆ ಬೇಗ ಮನೆಗೆ ಓಡಿದರೆ ಇವರಿಗೆ ಇನ್ನೂ ಎರಡು ಗಂಟೆ ಸಿಕ್ಕಂತಾಗುತ್ತಿತ್ತು. ವಿಮಾನದ ಚಿತ್ರ ಬಂದರೆ ವಿಮಾನದತ್ತ ನೋಡುತ್ತಿರಲಿಲ್ಲ. ಹಿಂದಿನ ಗೋಡೆಯ ಮೇಲೆ ಡ್ರಾಯಿಂಗ್ ತೂಗಿದೆಯೇ, ಅದರ ಬಲಗಡೆಯ ಕೆಳಮೂಲೆ ಕಾಣುತ್ತದೆಯೇ, ಅಷ್ಟೇ. ನಂಬರು ಇರುವುದು ಆ ಮೂಲೆಯಲ್ಲಿ. ಆ ಚೂರನ್ನು ದೊಡ್ಡದು ಮಾಡಿ ಪ್ರಿಂಟು ತೆಗೆದು, ಭೂತಗನ್ನಡಿ ಹಿಡಿದು, ಇದು ಮೂರೋ ಎಂಟೋ ಎಂದು ವಾರಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಿದ್ದರು.

"ನಿಮಗೆ ವಿಮಾನ ಅಂದ್ರೆ ಅಷ್ಟು ಇಷ್ಟವಾ?" ಎಂದು ಒಮ್ಮೆ ಕೇಳಿದೆ.

"ಎಂತ ಇಷ್ಟ ಮಾರಾಯ್ರೆ. ಎರಡು ವರ್ಷಕ್ಕೊಮ್ಮೆ ಮಂಗಳೂರಿಗೆ ಹೋಗುವಾಗ ಕಣ್ಣು ಮುಚ್ಚಿ ಕೂತುಕೊಳ್ತೇನೆ. ಪಟ್ಟಿಯಲ್ಲಿ ಖಾಲಿ ಇರ್ಬಾರ್ದು, ಅಷ್ಟೆ."

ಬರ್ ದುಬೈಯಲ್ಲಿ ಐದು ಜನ ಸೇರಿ ಒಂದು ರೂಮು. ಊರಿನಲ್ಲಿ ಹೆಂಡತಿ, ಮೂರು ಮಕ್ಕಳು, ಮೊಮ್ಮಗು ಇದ್ದರೂ ಇಲ್ಲಿಯ ಭಾಷೆಯಲ್ಲಿ ಅವರು ಬ್ಯಾಚುಲರ್. ಮಂಚದ ಕೆಳಗೆ ಊರಿಗೆ ಒಯ್ಯುವ ಸೂಟ್‌ಕೇಸಿನ ಜಾಗದಲ್ಲಿ ಪ್ರಿಂಟುಗಳ ಎರಡು ಪೆಟ್ಟಿಗೆ. ರೂಮಿನವರು "ಕಾಕ, ನಿಮ್ಮ ವಿಮಾನ ಯಾವಾಗ ಹಾರುದು?" ಎಂದು ಚುಡಾಯಿಸುತ್ತಿದ್ದರಂತೆ. ಶುಕ್ರವಾರ ಜುಮಾ ನಮಾಜು ಮುಗಿಸಿ ಬಂದು ಎಲ್ಲರೂ ಮಲಗಿದ ಮೇಲೆ ಇವರು ಮಂಚದ ಮೇಲೆ ಹಾಳೆ ಹರಡುತ್ತಿದ್ದರು. ಇದನ್ನೆಲ್ಲ ಅವರೇ ನನಗೆ ಹೇಳಿದ್ದು, ಬೇಸರವಿಲ್ಲದೆ.

ಅವರು ಕಂಡುಕೊಂಡದ್ದನ್ನು ಇಂಗ್ಲೆಂಡಿನ ಯಾವ ಹವ್ಯಾಸಿಯೂ ಕಂಡಿರಲಿಲ್ಲ ಎಂದು ನಾನು ಧೈರ್ಯದಿಂದ ಹೇಳುತ್ತೇನೆ. ಆ ಜನ ಒಂದೊಂದು ಖಾಲಿ ಗೆರೆಯ ಹಿಂದೆಯೂ ಒಂದೊಂದು ಅದ್ಭುತ ವಿಮಾನ ಅಡಗಿದೆ ಎಂದು ನಂಬಿದ್ದರು. ಡಿಸಿ ಸಾಹೇಬರಿಗೆ ಡ್ರಾಯಿಂಗ್ ಆಫೀಸು ಎಂದರೆ ಏನೆಂದು ಗೊತ್ತಿತ್ತು.

"ನಮ್ಮ ಇಂಜಿನಿಯರ್‌ಗಳು ಎಂತ ಮಾಡ್ತಾರೆ ಹೇಳಿ? ಬೆಳಿಗ್ಗೆ ಬಂದು ಐದು ನಂಬರ್ ಹಿಡಿದಿಡ್ತಾರೆ, ಸಂಜೆಗೆ ಮೂರು ಡ್ರಾಯಿಂಗ್ ಕೊಡ್ತಾರೆ. ಉಳಿದ ಎರಡು ನಂಬರ್ ಹಾಗೇ ಬಿದ್ದಿರ್ತದೆ. ಅಲ್ಲಿಯೂ ಮನುಷ್ಯರೇ ಅಲ್ವಾ ಇದ್ದದ್ದು?"

ಖಾಲಿಗಳಲ್ಲೊಂದು ವಿಮಾನವೇ ಅಲ್ಲ, ಮೋಟಾರು ದೋಣಿ ಎಂದು ಅವರು ಜಾಹೀರಾತೊಂದರಿಂದ ಸಾಬೀತು ಮಾಡಿದರು. ಇನ್ನೊಂದು ಆ ಕಂಪನಿಯ ಸ್ವಂತ ಶೆಡ್ಡಿನ ಬಾಗಿಲುಗಳ ಡ್ರಾಯಿಂಗು. ಅದನ್ನು ಕಂಡುಹಿಡಿದ ದಿನ ಅವರು ನಗುತ್ತ ನನ್ನ ಟೇಬಲ್ಲಿಗೆ ಬಂದರು. "ನೂರು ವರ್ಷದಿಂದ ವಿಮಾನ ಹುಡುಕ್ತಾ ಇದ್ದಾರೆ ಟೀಚರೇ. ಬಾಗಿಲು ಸಿಕ್ಕಿತು," ಎಂದರು. ಅವರು ಹಲ್ಲು ಕಾಣುವಂತೆ ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಕೊನೆಗೆ ಹದಿನೇಳೂ ತುಂಬಿದವು. ಮ್ಯಾನೇಜರು ನೋಟ್‌ಬುಕ್ ತಿರುವಿ ನೋಡಿ, ಚಂದ ಟೈಪ್ ಮಾಡಿಸಿ ಕೊಡಿ, ನಮ್ಮ ಸಂಘದ ಪತ್ರಿಕೆಗೆ ಕಳಿಸುತ್ತೇನೆ, ನಿಮ್ಮ ಹೆಸರಿನಲ್ಲೇ ಅಚ್ಚಾಗುತ್ತದೆ ಎಂದರು. ಕ್ಯಾಬಿನ್ನಿನಿಂದ ಹೊರಗೆ ಬಂದವರು ನನ್ನ ಎದುರು ನಿಂತು, "ಹೆಸರು ಹಾಕ್ತಾರಂತೆ" ಎಂದಷ್ಟೇ ಹೇಳಿದರು. ಅದರ ಬೆಲೆ ಏನೆಂದು ನಮ್ಮ ಕೆಲಸದಲ್ಲಿರುವವರಿಗೆ ಮಾತ್ರ ಗೊತ್ತು. ಡ್ರಾಯಿಂಗಿನ ಮೂಲೆಯಲ್ಲಿ ಬರೆದವರಿಗೆ ಒಂದು ಚೌಕ, ತಪಾಸಣೆ ಮಾಡಿದವರಿಗೆ ಒಂದು ಚೌಕ, ಒಪ್ಪಿಗೆ ಕೊಟ್ಟವರಿಗೆ ಒಂದು ಚೌಕ ಇರುತ್ತದೆ. ನಂಬರು ಕೊಟ್ಟವರಿಗೆ ಚೌಕ ಇಲ್ಲ. ಇಪ್ಪತ್ತೆಂಟು ವರ್ಷ ಈ ದೇಶದ ಅದೆಷ್ಟೋ ಕಟ್ಟಡಗಳ ಕಾಗದ ಅವರ ಕೈಯಿಂದ ಹಾದುಹೋಗಿತ್ತು, ಒಂದರಲ್ಲೂ ಅವರ ಹೆಸರಿರಲಿಲ್ಲ.

ಟೈಪ್ ಮಾಡಿದವಳು ನಾನು.

ನೋಟ್‌ಬುಕ್ಕಿನ ಕೊನೆಯಲ್ಲಿ ಪೂರ್ತಿ ಪಟ್ಟಿ ಇತ್ತು, ಅವರು ಅಲ್ಲಿ ದಾರ ಇಟ್ಟು ಕೊಟ್ಟಿದ್ದರು. ಹೊಸದಾಗಿ ತುಂಬಿದ ಹದಿನೇಳರಲ್ಲಿ ಆರು ನಂಬರುಗಳು ಇಂಗ್ಲಿಷ್ ಅಂಕಿಯಲ್ಲಿದ್ದವು, ಹನ್ನೊಂದು ಕನ್ನಡ ಅಂಕಿಯಲ್ಲಿ. ಕಂಡಾಗ ನನಗೆ ನಗು ಬಂತು. ಮುದುಕರು, ಕನ್ನಡ ಮೀಡಿಯಂನವರು, ಬರೆಯುತ್ತ ಬರೆಯುತ್ತ ಹಳೆಯ ಅಭ್ಯಾಸ ಬಂದುಬಿಟ್ಟಿದೆ ಎಂದುಕೊಂಡೆ. ಒಂದನೇ ಕ್ಲಾಸಿನ ಮಕ್ಕಳ ಕೈ ಹಿಡಿದು ಆ ಅಂಕಿಗಳನ್ನೇ ತಿದ್ದಿಸಿದವಳು ನಾನು. ಒಂದನ್ನೂ ತಪ್ಪದೆ ಓದಿ, ಎಲ್ಲವನ್ನೂ ನೀಟಾಗಿ ಇಂಗ್ಲಿಷ್ ಮಾಡಿ, ಒಂದೇ ಅಳತೆಯಲ್ಲಿ ಕೂರಿಸಿದೆ. ನನ್ನ ಪಕ್ಕದ ಮಲಯಾಳಿಯೋ ಫಿಲಿಪಿನೋ ಟೈಪ್ ಮಾಡಿದ್ದರೆ, ಇದೇನಿದು ಸೊಟ್ಟ ಸೊಟ್ಟ ಬರೆದದ್ದು ಎಂದು ಅವರನ್ನೇ ಕೇಳುತ್ತಿದ್ದರು. ನನಗೆ ಓದಲು ಬರುತ್ತಿತ್ತು, ಹಾಗಾಗಿ ಕೇಳಲಿಲ್ಲ.

ಆಮೇಲೆ ತಾಳೆ ನೋಡಿದೆವು. ನಮ್ಮ ಸೆಕ್ಷನ್ನಿನಲ್ಲಿ ತಾಳೆ ನೋಡುವುದೆಂದರೆ ಒಬ್ಬರು ಮೂಲವನ್ನು ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಟೈಪಾದದ್ದರ ಮೇಲೆ ಟಿಕ್ ಹಾಕುವುದು. ನೋಟ್‌ಬುಕ್ ಅವರ ಕೈಯಲ್ಲಿ, ಹಾಳೆ ನನ್ನ ಕೈಯಲ್ಲಿ. "ಇಪ್ಪತ್ತಮೂರು," ಎನ್ನುವರು ಅವರು. ನಾನು ಟಿಕ್ ಹಾಕುವೆ. ಬಾಯಲ್ಲಿ ಹೇಳಿದರೆ ಇಪ್ಪತ್ತಮೂರು ಯಾವ ಲಿಪಿಯಲ್ಲಿದ್ದರೂ ಇಪ್ಪತ್ತಮೂರೇ. ಒಂದೂ ತಪ್ಪಿರಲಿಲ್ಲ. "ನಿಮ್ಮ ಟೈಪಿಂಗ್‌ಗೆ ಎರಡನೇ ಸಲ ನೋಡುದು ಬೇಡ ಟೀಚರೇ," ಎಂದು ಹೊಗಳಿ, ಪಟ್ಟಿಯ ಮೇಲಿದ್ದ ಪತ್ರಕ್ಕೆ ಸಹಿ ಹಾಕಿ, ಸಿಕ್ಕಿದ ಆಧಾರಗಳ ಪ್ರಿಂಟುಗಳ ಜೊತೆ ಕವರಿಗೆ ತುಂಬಿದರು. ನಾನು ಅಂದು ಮನೆಗೆ ಹೋಗುವ ದಾರಿಯಲ್ಲಿ ಜಿಲೇಬಿ ತೆಗೆದುಕೊಂಡು ಹೋಗಿದ್ದೆ.

ಎರಡು ತಿಂಗಳ ಮೇಲೆ ಉತ್ತರ ಬಂತು, ಮ್ಯಾನೇಜರರ ಮೂಲಕ. ಆರು ನಂಬರುಗಳಿಗೆ ಆಧಾರ ಲಗತ್ತಿಸಿದ್ದೀರಿ, ಸಂತೋಷ; ಉಳಿದ ಹನ್ನೊಂದಕ್ಕೆ ಯಾವ ಆಧಾರವೂ ಇಲ್ಲ, ಆದರೂ ಅವನ್ನು ಖಚಿತವೆಂಬಂತೆ ಪಟ್ಟಿಗೆ ಸೇರಿಸಿದ್ದೀರಿ; ಹೀಗೆ ಇಲ್ಲದ್ದನ್ನು ಸೃಷ್ಟಿಸುವವರ ಉಳಿದ ಕೆಲಸವನ್ನೂ ನಾವು ನಂಬಲಾರೆವು ಎಂಬುದು ಅದರ ಸಾರ. ಬಹಳ ಸಭ್ಯವಾದ ಇಂಗ್ಲಿಷ್. ಆ ಭಾಷೆಯಲ್ಲಿ ಎಷ್ಟು ಸಭ್ಯವಾಗಿ ಬರೆಯುತ್ತಾರೋ ಅಷ್ಟು ಆಳಕ್ಕೆ ಇಳಿಯುತ್ತದೆ. ಮುಂದಿನ ಸಂಚಿಕೆಯಲ್ಲಿ, ದುಬೈಯಿಂದ ಒಂದು ಕಲ್ಪಿತ ಪಟ್ಟಿ ಓಡಾಡುತ್ತಿದೆ, ಸದಸ್ಯರು ಎಚ್ಚರದಿಂದಿರಬೇಕು ಎಂದು ಒಂದು ಚಿಕ್ಕ ಸೂಚನೆಯೂ ಅಚ್ಚಾಯಿತು. ಹೆಸರು ಮಾತ್ರ ಹಾಕಲಿಲ್ಲ.

ಮ್ಯಾನೇಜರರಿಗೆ ಅವಮಾನವಾಗಿತ್ತು. ಬೋರ್ಡಿನಿಂದ ಹಳೆಯ ಪಟ್ಟಿಯನ್ನು ಕಿತ್ತುಹಾಕಿದರು, ಡಿಸಿ ಸಾಹೇಬರ ಸಲಾಮಿಗೆ ತಲೆಯಾಡಿಸುವುದನ್ನೂ ನಿಲ್ಲಿಸಿದರು. ಆಫೀಸಿನಲ್ಲಿ ಸುದ್ದಿ ಹರಡಲು ಎಷ್ಟು ಹೊತ್ತು? "ಡಿಸಿಯದ್ದು ಡುಪ್ಲಿಕೇಟ್ ಮಾಲು" ಎಂದು ಒಬ್ಬ ಹೇಳಿದ, ಹತ್ತು ಜನ ನಕ್ಕರು.

ಡಿಸಿ ಸಾಹೇಬರು ನನ್ನ ಟೇಬಲ್ಲಿಗೆ ಬಂದು ಟೈಪಾದ ಪಟ್ಟಿಯ ನಕಲು ಕೇಳಿದರು. ಕೂತು ನೋಡಿದರು. ಆ ಹಾಳೆಯನ್ನು ಅವರು ಕಣ್ಣಿನಿಂದ ನೋಡಿದ್ದು ಅದೇ ಮೊದಲು. ಬೆರಳು ಒಂದೊಂದೇ ಸಾಲು ಇಳಿಯಿತು.

"ಟೀಚರೇ, ಕನ್ನಡ ಅಂಕಿ ಎಲ್ಲಿ?"

"ಅದನ್ನೆಲ್ಲ ಇಂಗ್ಲಿಷ್ ಮಾಡಿದೆ ಸಾಹೇಬ್ರೆ. ಅವರಿಗೆ ಕನ್ನಡ ಗೊತ್ತಾಗುದಿಲ್ಲ ಅಲ್ವಾ?"

ಅವರು ನೋಟ್‌ಬುಕ್ಕಿನ ಮೊದಲ ಪುಟ ತೆರೆದು ನನ್ನ ಕಡೆ ತಿರುಗಿಸಿದರು. ದಾರ ಇಟ್ಟಲ್ಲಿಂದಲೇ ಟೈಪ್ ಮಾಡಿದ ನಾನು ಆ ಪುಟ ತೆರೆದೇ ಇರಲಿಲ್ಲ. ಅಲ್ಲಿ ಕನ್ನಡದಲ್ಲಿ ಎರಡು ಸಾಲು: ಇಂಗ್ಲಿಷ್ ಅಂಕಿ, ಕಾಗದ ಸಿಕ್ಕಿದ್ದು. ಕನ್ನಡ ಅಂಕಿ, ನನ್ನ ಊಹೆ.

"ಇಂಗ್ಲಿಷ್‌ನಲ್ಲಿ ಬರ್ದದ್ದಕ್ಕೆ ಯಾರಾದ್ರೂ ಕೇಳಿದ್ರೆ ಉತ್ತರ ಕೊಡ್ಬೇಕು. ಕನ್ನಡದಲ್ಲಿ ಬರ್ದದ್ದು ನನ್ನಷ್ಟಕ್ಕೆ," ಎಂದರು. "ಟೈಪ್ ಆಗುವಾಗ ಅದಕ್ಕೆ ಬೇರೆ ಗುರ್ತು ಹಾಕಿರ್ತೀರಿ ಅಂತ ಗ್ರಹಿಸಿದೆ. ಹೇಳ್ಬೇಕಿತ್ತು ನಾನು."

ಈಗಲೇ ಹೋಗಿ ಮ್ಯಾನೇಜರರಿಗೆ ಹೇಳುತ್ತೇನೆ, ತಪ್ಪು ನನ್ನದು ಎಂದು ಬರೆದುಕೊಡುತ್ತೇನೆ ಎಂದೆ. ನಿಜವಾಗಿಯೂ ಎದ್ದು ನಿಂತಿದ್ದೆ.

"ಕೂತ್ಕೊಳ್ಳಿ," ಎಂದರು. "ಇಪ್ಪತ್ತೆಂಟು ವರ್ಷದಿಂದ ನೋಡ್ತಾ ಇದ್ದೇನೆ. ಈ ಊರಲ್ಲಿ ಮೇಲಿನವರ ತಪ್ಪು ಮೆಟ್ಟಿಲು ಇಳಿದು ಇಳಿದು ಕೊನೆಗೆ ಟೈಪ್ ಮಾಡಿದವರ ಹತ್ರ ಬಂದು ನಿಲ್ತದೆ. ನಾನೂ ಹಾಗೆ ಬರ್ದು ಕಳಿಸ್ಲಾ? ಸಹಿ ನನ್ನದು."

"ಆದ್ರೆ ಈ ಸಲ ನಿಜವಾಗ್ಲೂ ನಾನೇ ಮಾಡಿದ್ದಲ್ವಾ ಸಾಹೇಬ್ರೆ?"

"ಹೌದು, ನೀವೇ. ಅದಕ್ಕೇ ಯಾರೂ ನಂಬುದಿಲ್ಲ. ಟೈಪಿಸ್ಟಿನ ತಪ್ಪು ಅಂತ ಎಲ್ಲರೂ ಸುಳ್ಳು ಹೇಳಿ ಹೇಳಿ ಆ ಮಾತನ್ನೇ ಖಲಾಸ್ ಮಾಡಿ ಇಟ್ಟಿದ್ದಾರೆ."

ದೊಡ್ಡ ಮನಸ್ಸು ಎಂದು ಇದನ್ನು ಓದುವವರು ಹೇಳಬಹುದು. ಹೌದು, ನೀವೇ ಎಂದು ಹೇಳುವಾಗ ಅವರ ದನಿಯಲ್ಲಿ ಕ್ಷಮೆ ಇರಲಿಲ್ಲ, ಸಿಟ್ಟಿತ್ತು. ಆ ಸಿಟ್ಟು ಸರಿಯಾದದ್ದೇ. ನಾನು ಕೂತೆ. ಕೂರಲು ಹೇಳಿದರಲ್ಲ ಎಂದು ಒಳಗೊಳಗೆ ಹಗುರವಾಯಿತು ಎಂಬುದನ್ನೂ ಮುಚ್ಚಿಡುವುದಿಲ್ಲ.

ಅವರು ಪೂರ್ತಿ ಪಟ್ಟಿಯನ್ನು ಕೈಯಲ್ಲೇ ಮತ್ತೆ ಬರೆದರು. ಹನ್ನೊಂದು ಊಹೆಗಳಿಗೂ ಚುಕ್ಕಿ ಹಾಕಿ, ಹಿಂದಿನ ಪಟ್ಟಿಯಲ್ಲಿ ಈ ಗುರುತು ಬಿಟ್ಟುಹೋದದ್ದು ತಮ್ಮದೇ ತಪ್ಪು ಎಂದು ಎರಡು ಸಾಲು ಬರೆದು, ಪೋಸ್ಟ್ ಆಫೀಸಿಗೆ ತಾವೇ ಹೋಗಿ ರಿಜಿಸ್ಟರ್ ಮಾಡಿ ಕಳಿಸಿದರು. ಅದಕ್ಕೆ ಉತ್ತರ ಬರಲಿಲ್ಲ. ಆರು ತಿಂಗಳು ಪ್ರತಿ ದಿನ ಬೆಳಿಗ್ಗೆ ಬಂದ ಟಪಾಲನ್ನು ಅವರೇ ಬಿಡಿಸುತ್ತಿದ್ದರು, ಅದು ಅವರ ಕೆಲಸವೂ ಆಗಿತ್ತು. ಆಮೇಲೆ ಆ ಕೆಲಸವನ್ನು ನನಗೆ ಕೊಟ್ಟರು. ಮಂಚದ ಕೆಳಗಿನ ಪೆಟ್ಟಿಗೆಗಳನ್ನು ಮುನ್ಸಿಪಾಲಿಟಿಯ ಕಸದ ಡಬ್ಬಿಗೆ ಹಾಕಿದೆ ಎಂದು ಒಂದು ದಿನ ಮಾತಿನ ನಡುವೆ ಹೇಳಿದರು.

ಅರುವತ್ತಾಯಿತು, ವೀಸಾ ಮುಂದುವರಿಸುವುದಿಲ್ಲ ಎಂದು ಕಂಪನಿ ಹೇಳಿತು. ಹೋಗುವ ಮೊದಲು ಕೆಲಸ ಒಪ್ಪಿಸುವ ಪಟ್ಟಿ ತಯಾರಿಸಿದರು. ಕೀಲಿ, ಸೀಲು, ರಿಜಿಸ್ಟರುಗಳು, ಎಲ್ಲಕ್ಕೂ ಕ್ರಮಸಂಖ್ಯೆ. ಕೊನೆಯ ಸಾಲಿನಲ್ಲಿ 'ನೋಟ್‌ಬುಕ್ ಒಂದು, ಸ್ವಂತದ್ದು' ಎಂದು ಬರೆದಿತ್ತು. ಇದು ಯಾಕೆ ಎಂದು ಕೇಳಿದೆ. "ಊರಿಗೆ ಕೊಂಡುಹೋಗಿ ಎಂತ ಮಾಡುದು? ನೀವು ತೆಕ್ಕೊಂಡದ್ದಕ್ಕೆ ಸೈನ್ ಹಾಕಿ," ಎಂದರು. ಹಾಕಿದೆ. ಬೀಳ್ಕೊಡುಗೆಯಲ್ಲಿ ಕೇಕು ಕತ್ತರಿಸುವಾಗ ಮ್ಯಾನೇಜರು ಎರಡು ನಿಮಿಷ ಬಂದು ಹೋದರು. ಡಿಸಿ ಸಾಹೇಬರ ಕುರ್ಚಿಗೆ ಯಾರು ಎಂಬ ಪ್ರಶ್ನೆಯೇ ಬರಲಿಲ್ಲ. ಆಫೀಸಿನಲ್ಲಿ ತಪ್ಪು ಮಾಡದವಳು ಎಂದು ಹೆಸರಿದ್ದದ್ದು ನನಗೊಬ್ಬಳಿಗೇ.

ಎರಡು ವರ್ಷದ ಮೇಲೆ ಅವರು ತೀರಿಕೊಂಡರು. ಬರ್ ದುಬೈಯ ರೂಮಿನವರೊಬ್ಬರು ವಾಟ್ಸಾಪಿನಲ್ಲಿ ತಿಳಿಸಿದರು. ಅಷ್ಟರಲ್ಲಿ ಕಂಪನಿ ಅಬುಧಾಬಿಗೆ ಹೋಗಿತ್ತು, ನಾವೂ ಅಲ್ಲಿನ ಮೊಹಮ್ಮದ್ ಬಿನ್ ಜಾಯೆದ್ ಸಿಟಿಗೆ ಮನೆ ಬದಲಿಸಿದ್ದೆವು. ಅವರ ಮನೆಗೆ ಫೋನು ಮಾಡಬೇಕೆಂದುಕೊಂಡೆ. ಹೆಂಡತಿಗೆ ಏನು ಹೇಳುವುದೆಂದು ತಿಳಿಯದೆ ಮಾಡಲಿಲ್ಲ.

ಹೋದ ವರ್ಷ ಮ್ಯಾನೇಜರು ನನ್ನನ್ನು ಕರೆದು ಖುಷಿಯಿಂದ ಸಂಘದ ಹೊಸ ಪಟ್ಟಿ ಕೊಟ್ಟರು. ಆ ಹಳೆಯ ಕಂಪನಿಯ ಗುಮಾಸ್ತನೊಬ್ಬನ ಮೊಮ್ಮಕ್ಕಳ ಮನೆಯಲ್ಲಿ ರಿಜಿಸ್ಟರಿನ ಕೆಲವು ಹಾಳೆಗಳು ಸಿಕ್ಕಿವೆಯಂತೆ. ಖಾಲಿಗಳೆಲ್ಲ ಹೆಚ್ಚುಕಡಿಮೆ ತುಂಬಿದವು ಎಂದರು.

"ನಮ್ಮ ಆ ಹಳೆಯ ಡಿಸಿ ನೆನಪಿದ್ದಾನೆಯೆ? ಪಾಪ, ಅವನದೂ ಕೆಲವು ಅದೃಷ್ಟಕ್ಕೆ ಹೊಂದಿಕೊಂಡಿವೆ. ಆದರೆ ಇಲ್ಲದ ಆಧಾರವನ್ನು ಇದೆ ಎಂದವನು. ನಿಮ್ಮಷ್ಟು ಎಚ್ಚರ ಅವನಿಗೆ ಇದ್ದಿದ್ದರೆ."

"ಯೆಸ್ ಸರ್," ಎಂದೆ ನಾನು.

ಪಟ್ಟಿಯ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ, ಕೊಲ್ಲಿಯಿಂದ ಹಿಂದೆ ಬಂದಿದ್ದ ಕಲ್ಪಿತ ಪಟ್ಟಿಯನ್ನು ಇಲ್ಲಿ ಪರಿಗಣಿಸಿಲ್ಲ ಎಂದಿತ್ತು. ಅದರ ಕೆಳಗೆ ತಿದ್ದುಪಡಿ ಇದ್ದರೆ ತಿಳಿಸಿ ಎಂದು ಸಂಘದ ಇಮೇಲ್ ವಿಳಾಸ.

ಆ ಶುಕ್ರವಾರ ಊಟವಾದ ಮೇಲೆ ಡೈನಿಂಗ್ ಟೇಬಲ್ಲಿನಲ್ಲಿ ನೋಟ್‌ಬುಕ್ ತೆರೆದೆ. ಹನ್ನೆರಡನೇ ಕ್ಲಾಸಿನ ಮಗಳನ್ನು ಎದುರು ಕೂರಿಸಿಕೊಂಡು, ನಾನು ಓದುತ್ತೇನೆ ನೀನು ಟಿಕ್ ಹಾಕು ಎಂದೆ. ಅವಳು ಬಗ್ಗಿ ನೋಡಿ, "ಅಮ್ಮಾ, ವಾಟ್ ಈಸ್ ದಿಸ್? ಅರೇಬಿಕ್?" ಎಂದಳು. ಕನ್ನಡ ಎಂದೆ. ಕನ್ನಡಕ್ಕೆ ಬೇರೆ ನಂಬರ್ಸ್ ಇದೆಯಾ ಎಂದು ಅವಳಿಗೆ ಆಶ್ಚರ್ಯ. ಹನ್ನೊಂದು ಊಹೆಗಳಲ್ಲಿ ಒಂಬತ್ತು ಸರಿ ಇದ್ದವು. ಒಂದು ತಪ್ಪು. ಒಂದು ಸಂಘದ ಹೊಸ ಪಟ್ಟಿಯಲ್ಲೂ ಇನ್ನೂ ಖಾಲಿ.

ನಡೆದದ್ದನ್ನೆಲ್ಲ ಮಗಳಿಗೆ ಹೇಳಿದೆ. ಅವಳು ನೋಟ್‌ಬುಕ್ಕನ್ನು ಮೊದಲ ಪುಟಕ್ಕೆ ತಿರುಗಿಸಿದಳು. "ಸೋ ಹಿ ನೆವರ್ ಲೈಡ್. ಯು ಶುಡ್ ಟೆಲ್ ದೆಮ್ ಅಮ್ಮಾ," ಎಂದಳು.

"ಬರೀತೇನೆ," ಎಂದೆ.

ವರ್ಷ ಕಳೆಯಿತು. ಕೆಲಸ ಹೋದೀತೆಂಬ ಭಯ ಎಂದು ಬರೆದರೆ ಓದುವವರಿಗೆ ಕನಿಕರ ಬರಬಹುದು, ಆದರೆ ಅದು ಸುಳ್ಳು. ಇಷ್ಟು ಹಳೆಯ ಕಾಗದಕ್ಕೆ ಯಾರೂ ಯಾರನ್ನೂ ಕೆಲಸದಿಂದ ತೆಗೆಯುವುದಿಲ್ಲ. ಅವರೇ ಬೇಡ ಎಂದಿದ್ದರು ಎಂಬ ನೆಪವೂ ಅವರ ಜೊತೆಗೇ ಮಣ್ಣಾಯಿತು. ಮ್ಯಾನೇಜರರ ಬಾಯಲ್ಲಿ ನನ್ನ ಬಗ್ಗೆ ಒಂದು ಒಳ್ಳೆಯ ಮಾತಿದೆ, ಅದನ್ನು ಕಳೆದುಕೊಳ್ಳಲು ನನಗೆ ಇಷ್ಟವಿಲ್ಲ. ಅಷ್ಟೇ ಕಾರಣ.

ಇಂಗ್ಲಿಷಿನಲ್ಲಿ ಮೂರು ಸಾಲು ಸಾಕು. ಊಹೆಯನ್ನು ಅವರು ಊಹೆ ಎಂದೇ ಬರೆದಿದ್ದರು, ಅದನ್ನು ಅಳಿಸಿದವಳು ನಾನು, ನೋಟ್‌ಬುಕ್ ನನ್ನಲ್ಲಿದೆ. ನನ್ನ ಕೈಗೆ ಅದು ಎರಡು ನಿಮಿಷದ ಟೈಪಿಂಗು. ಅದನ್ನು ಬಿಟ್ಟು, ಆ ಸಂಘದವರಾಗಲಿ ನಮ್ಮ ಮ್ಯಾನೇಜರಾಗಲಿ ಯಾವತ್ತೂ ಓದಲಾರದ ಕನ್ನಡದಲ್ಲಿ ಇಷ್ಟುದ್ದ ಬರೆದು ಕೂತಿದ್ದೇನೆ.